ಹಳೆ ಹೈಲಕ್ಸ್ ಪಿಕಪ್ ಆಫ್-ರೋಡ್‌ಗೆ: ಲಿಫ್ಟು, 33 ಇಂಚಿನ ಟೈರು, ಲಾಕರ್ – ಯಾವುದು ಮೊದಲು?

ಗುಡ್ಡದಗಾಡಿ:

ಎಲ್ಲರಿಗೂ ನಮಸ್ಕಾರ. ಗಾಡಿ 1984ರ ಟೊಯೊಟಾ ಹೈಲಕ್ಸ್, ಫೋರ್ ವೀಲ್ ಡ್ರೈವ್. ಕಾರ್ಬ್ಯುರೇಟರ್ ಇರುವ 22ಆರ್ ಇಂಜಿನ್, 5 ಗೇರ್, ಮುಂದೆ ಹಿಂದೆ ಎರಡೂ ಸಾಲಿಡ್ ಆಕ್ಸಲ್, ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್, ಕೈಯಲ್ಲಿ ತಿರುಗಿಸುವ ಲಾಕಿಂಗ್ ಹಬ್. ಕ್ರೌನ್-ಪಿನಿಯನ್ (ಡಿಫರೆನ್ಷಿಯಲ್ ಒಳಗಿನ ಗೇರ್ ಜೋಡಿ) ಅನುಪಾತ 4.10. ಈಗಿರುವ ಟೈರು 225/75 ಆರ್15.

ವಾರವಿಡೀ ಟಾರ್ ರಸ್ತೆ. ರಜೆಯಲ್ಲಿ ಕಲ್ಲುದಾರಿ, ಕೆಸರು, ಮೊಣಕಾಲುದ್ದ ನೀರಿನ ಹಳ್ಳ. ನನ್ನ ಲೆಕ್ಕ ಹೀಗಿದೆ: 4 ಇಂಚು ಲಿಫ್ಟ್ (ಗಾಡಿ ಎತ್ತರಿಸುವುದು), 33 ಇಂಚಿನ ಟೈರು, ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಹಿಂದಿನ ಆಕ್ಸಲ್‌ಗೆ ಲಾಕರ್.

ಸದ್ಯದ ಸ್ಥಿತಿ: ಮುಂದಿನ ಎಡ ಚಕ್ರದ ನಕಲ್ (ಚಕ್ರವನ್ನು ಎಡಬಲಕ್ಕೆ ತಿರುಗಿಸುವ ಕೀಲು) ಹಿಂಭಾಗದಿಂದ ಕಪ್ಪಗೆ, ತೆಳ್ಳಗೆ ಗ್ರೀಸ್ ಇಳಿಯುತ್ತಿದೆ. ಹಿಂದಿನ ಪ್ಲೇಟ್‌ಗಳು (ಸ್ಪ್ರಿಂಗಿನ ಪಟ್ಟಿಗಳು) ಕೂತು ಹೆಚ್ಚುಕಡಿಮೆ ನೇರವಾಗಿವೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಇಂಜಿನ್ ಮುಂಭಾಗದಲ್ಲಿ ಒಂದೆರಡು ಸೆಕೆಂಡ್ ಕರಕರ ಸದ್ದು, ಆಮೇಲೆ ಇಲ್ಲ. ಚಾಸಿಯಲ್ಲಿ ಅಲ್ಲಲ್ಲಿ ತುಕ್ಕಿದೆ, ತೂತು ಕಂಡಿಲ್ಲ.

ಕೆಲಸದ ಕ್ರಮ ಹೇಗಿರಬೇಕು? 33 ಹಾಕಿದರೆ ಏನೇನು ಬದಲಿಸಬೇಕಾಗುತ್ತದೆ?

---

ಲೋರೇಂಜ್:

ನಿಮ್ಮ ಪಟ್ಟಿಯನ್ನು ತಲೆಕೆಳಗು ಮಾಡಿ. ಮೊದಲು ಸೋರಿಕೆ, ಬ್ರೇಕ್, ಚಾಸಿ. ಆಮೇಲೆ ಟೈರು. ಲಿಫ್ಟು ಕೊನೆಗೆ, ಅದೂ ಟೈರು ಎಷ್ಟು ಕೇಳುತ್ತದೋ ಅಷ್ಟೇ.

ಲಿಫ್ಟಿನಿಂದ ಡಿಫರೆನ್ಷಿಯಲ್ ಒಂದು ಮಿಲಿಮೀಟರ್ ಕೂಡ ಮೇಲೇಳುವುದಿಲ್ಲ. ಮೇಲೇಳುವುದು ಬಾಡಿ ಮತ್ತು ಚಾಸಿ ಮಾತ್ರ. ಕಲ್ಲಿಗೆ ತಾಗುವ ಆಕ್ಸಲ್ ಹೌಸಿಂಗ್ ಎತ್ತರವಾಗುವುದು ಟೈರಿನಿಂದ, ಅದೂ ವ್ಯಾಸ ಹೆಚ್ಚಾದದ್ದರಲ್ಲಿ ಅರ್ಧ. ನಿಮ್ಮ 225/75 ಆರ್15ರ ವ್ಯಾಸ ಸುಮಾರು 28.3 ಇಂಚು. 31 ಹಾಕಿದರೆ ಡಿಫರೆನ್ಷಿಯಲ್ ಕೆಳಗೆ ಸಿಗುವುದು ಸುಮಾರು 3.4 ಸೆಂ.ಮೀ., 33 ಹಾಕಿದರೆ ಸುಮಾರು 6 ಸೆಂ.ಮೀ. ಈ ಎರಡರ ನಡುವಿನ ಎರಡೂವರೆ ಸೆಂಟಿಮೀಟರಿಗೆ ನೀವು ಕೊಡಬೇಕಾದ್ದು ಇದು: ಎರಡೂ ಆಕ್ಸಲ್‌ಗೆ ಹೊಸ ಕ್ರೌನ್-ಪಿನಿಯನ್, ಫೆಂಡರ್ ಮತ್ತು ಬಂಪರ್ ಮೂಲೆಯ ಕತ್ತರಿಕೆ, ಸ್ಟೇರಿಂಗ್ ಬದಲಾವಣೆ, ಮುಂದಿನ ಸಿವಿ ಜಾಯಿಂಟ್ (ಚಕ್ರ ತಿರುಗಿದಾಗಲೂ ಅದಕ್ಕೆ ಶಕ್ತಿ ಮುಟ್ಟಿಸುವ ಶಾಫ್ಟಿನ ಕೀಲು) ಮೇಲೆ ಹೆಚ್ಚಿನ ಹೊರೆ.

ಗೇರ್ ಲೆಕ್ಕ ಸುಲಭ. ಈಗಿನ ಅನುಪಾತವನ್ನು ಹೊಸ ಟೈರಿನ ವ್ಯಾಸದಿಂದ ಗುಣಿಸಿ, ಹಳೆಯದರಿಂದ ಭಾಗಿಸಿ.

31ಕ್ಕೆ: 4.10 × 31 ÷ 28.3 = 4.49. ಸಿಗುವ ಸೆಟ್ 4.56.
33ಕ್ಕೆ: 4.10 × 33 ÷ 28.3 = 4.78. ಸಿಗುವ ಸೆಟ್ 4.88.

31ಕ್ಕೆ 4.10ನ್ನೇ ಇಟ್ಟುಕೊಂಡು ಓಡಿಸಬಹುದು, 5ನೇ ಗೇರಿನಲ್ಲಿ ಏರು ಸ್ವಲ್ಪ ಭಾರ ಅನ್ನಿಸುತ್ತದೆ ಅಷ್ಟೆ. 33ಕ್ಕೆ 4.10 ಬಿಟ್ಟರೆ 5ನೇ ಗೇರ್ ಇಳಿಜಾರಿಗೆ ಮಾತ್ರ, ಪ್ರತಿ ಏರಿನಲ್ಲೂ ಕ್ಲಚ್ ತಿನ್ನುತ್ತದೆ. ಕಲ್ಲಿನಲ್ಲಿ ನಿಧಾನ ಹತ್ತುವ ಲೆಕ್ಕವೂ ನೋಡಿ: 1ನೇ ಗೇರ್ ಸುಮಾರು 3.95, ಟ್ರಾನ್ಸ್‌ಫರ್ ಕೇಸ್ (ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಲೋ 2.28, ಡಿಫರೆನ್ಷಿಯಲ್ 4.10. ಗುಣಿಸಿದರೆ 36.9. ಇದೇ ಗಾಡಿಗೆ 33 ಹಾಕಿದರೆ ಅದು ಹಳೆ ಟೈರಿನ ಲೆಕ್ಕದಲ್ಲಿ 31.7ಕ್ಕೆ ಇಳಿದಂತೆ. ದೊಡ್ಡ ಟೈರು ಹಾಕಿಸಿದವರಿಗೆ ಗಾಡಿಗೆ ದಮ್ಮೇ ಇಲ್ಲ ಅನ್ನಿಸುವುದು ಇದಕ್ಕೇ.

ಕ್ರೌನ್-ಪಿನಿಯನ್ ಬದಲಿಸಿದರೆ ಮುಂದೆ ಹಿಂದೆ ಎರಡೂ ಒಟ್ಟಿಗೇ ಬದಲಾಗಬೇಕು. ಒಂದೇ ಬದಲಿಸಿ ಫೋರ್ ವೀಲ್ ಹಾಕಿದರೆ ಟ್ರಾನ್ಸ್‌ಫರ್ ಕೇಸ್ ಸಿಕ್ಕಿಹಾಕಿಕೊಂಡು ಒಡೆಯುತ್ತದೆ. ಫಿಟ್ಟಿಂಗ್ ಮಾಡುವವರ ಹತ್ತಿರ ಡಯಲ್ ಗೇಜ್ ಇದೆಯೇ ಕೇಳಿ. ಈ 8 ಇಂಚಿನ ಡಿಫರೆನ್ಷಿಯಲ್‌ಗೆ ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) 0.13ರಿಂದ 0.18 ಮಿ.ಮೀ. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ನಡುವೆ ಬೀಳುತ್ತಿದೆಯೇ ನೋಡದೆ ಮುಚ್ಚಬಾರದು. ಕೈಯಂದಾಜಿನಲ್ಲಿ ಕೂರಿಸಿದ ಸೆಟ್ ಕೂಗಲು ಶುರುಮಾಡಿದ ಮೇಲೆ ಅದನ್ನು ಸರಿಪಡಿಸಲು ಬರುವುದಿಲ್ಲ, ಬಿಸಾಡಬೇಕು.

ನನ್ನ ಮಾತು: 31×10.5 ಆರ್15 ಟೈರು, 8 ಇಂಚು ಅಗಲದ ರಿಮ್, ಒಂದೂವರೆಯಿಂದ ಎರಡು ಇಂಚಿನ ಒಳ್ಳೆ ಸ್ಪ್ರಿಂಗ್ ಸೆಟ್. ಸ್ಪೀಡೋಮೀಟರ್ 100 ತೋರಿಸುವಾಗ ನಿಜವಾದ ವೇಗ 109 ದಾಟಿರುತ್ತದೆ ಅನ್ನುವುದು ನೆನಪಿರಲಿ.

---

ಗ್ರೀಸ್‌ಕೈ:

ನಕಲ್ ಬಗ್ಗೆ ಬರೀತೀನಿ. ಉಳಿದದ್ದೆಲ್ಲ ಅದಾದ ಮೇಲೆ.

ಕಪ್ಪಗೆ ತೆಳ್ಳಗೆ ಇಳಿಯೋದು ಗ್ರೀಸ್ ಅಲ್ಲ, ಗ್ರೀಸಿಗೆ ಡಿಫರೆನ್ಷಿಯಲ್ ಎಣ್ಣೆ ಬೆರೆತ ಕಷಾಯ. ಆಕ್ಸಲ್ ಹೌಸಿಂಗ್ ತುದಿಯಲ್ಲಿರೋ ಒಳಗಿನ ಆಯಿಲ್ ಸೀಲ್ ಹೋಗಿದೆ. ಹೊರಗಿನ ವೈಪರ್ ಸೀಲ್ ಒಂದೇ ಬದಲಿಸಿದ್ರೆ ಒಂದು ವಾರ ಒಣಗಿದ ಹಾಗೆ ಕಾಣುತ್ತೆ, ಆಮೇಲೆ ಅದೇ ಕಥೆ. ಎಣ್ಣೆ ಸೇರಿದ ಗ್ರೀಸ್ ಸಿವಿ ಜಾಯಿಂಟಿನಲ್ಲಿ ನಿಲ್ಲೋದಿಲ್ಲ. ಗುಂಡುಗಳು ಒಣಗಿ ತಿರುಗಿ ಹಳ್ಳ ಬೀಳ್ತವೆ. ಪೂರ್ತಿ ಸ್ಟೇರಿಂಗ್ ತಿರುಗಿಸಿದಾಗ ಟಕ್ ಟಕ್ ಅಂದ್ರೆ ಆ ಹಂತ ತಲುಪಿದೆ ಅಂತ.

ಸೀಲ್ ಯಾಕೆ ಹೋಯ್ತು ಅಂತ ಮೊದಲು ಹುಡುಕಿ, ಇಲ್ದಿದ್ರೆ ಹೊಸದೂ ಹೋಗುತ್ತೆ. ಕಾರಣ ಸಾಮಾನ್ಯವಾಗಿ ಮೂರು. ಆಕ್ಸಲ್ ಬ್ರೀದರ್ (ಒಳಗಿನ ಗಾಳಿ ಆಡೋ ಕಿಂಡಿ) ಮಣ್ಣು ತುಂಬಿ ಮುಚ್ಚಿರುತ್ತೆ, ಬಿಸಿಯಾದ ಗಾಳಿ ಸೀಲನ್ನೇ ತಳ್ಳಿಕೊಂಡು ಹೋಗುತ್ತೆ. ನಕಲ್ ತಿರುಗೋ ಟ್ರನಿಯನ್ ಬೇರಿಂಗ್ ಸವೆದು ನಕಲ್ ಕೆಳಗೆ ಇಳಿದು ಶಾಫ್ಟ್ ನಡುವಿನಿಂದ ಸರಿದಿರುತ್ತೆ. ಅಥವಾ ಶಾಫ್ಟ್ ಮೇಲೆ ಸೀಲ್ ಕೂರೋ ಜಾಗದಲ್ಲಿ ಉಗುರಿಗೆ ಸಿಗೋ ಗೆರೆ ಬಿದ್ದಿರುತ್ತೆ. ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯೋಕೆ ಹೇಳಿ. ಬ್ರೇಕ್ ಒತ್ತಿದ ಮೇಲೆ ಆಟ ನಿಂತ್ರೆ ವೀಲ್ ಬೇರಿಂಗ್, ನಿಲ್ಲದಿದ್ರೆ ಟ್ರನಿಯನ್.

ಬಿಚ್ಚೋ ಕ್ರಮ:

ಚಾಸಿಯನ್ನ ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರ ತೆಗೀರಿ. ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ಮೇಲೆ ಕಟ್ಟಿ, ಹೋಸ್‌ನಲ್ಲಿ ನೇತಾಡಿಸಬೇಡಿ. ಲಾಕಿಂಗ್ ಹಬ್‌ನ 6 ನಟ್ಟು ಬಿಚ್ಚಿದ ಮೇಲೆ ಶಂಕುವಿನಾಕಾರದ ವಾಷರ್‌ಗಳು ಕಚ್ಚಿಕೊಂಡಿರ್ತವೆ. ನಟ್ಟನ್ನ ಸ್ಟಡ್ಡಿನ ತುದೀಲಿ ಸಡಿಲವಾಗಿ ಬಿಟ್ಟು, ಪಕ್ಕದಲ್ಲಿ ಹಿತ್ತಾಳೆ ರಾಡ್ ಇಟ್ಟು ಸುತ್ತಿಗೆಯಿಂದ ಕೊಟ್ರೆ ನೆಗೆದು ಬರ್ತವೆ. ಬೇರಿಂಗ್ ನಟ್ಟಿಗೆ 54 ಮಿ.ಮೀ. ಸಾಕೆಟ್ ಬೇಕು. ಉಳಿ ಇಟ್ಟು ಹೊಡೆದು ಬಿಚ್ಚಿದ ನಟ್ಟು ನೋಡಿದ್ರೆ ಬೇಜಾರಾಗುತ್ತೆ, ಆ ಸಾಕೆಟ್ ದುಬಾರಿಯೇನಲ್ಲ.

ಹಬ್ ಬಂದ ಮೇಲೆ ಸ್ಪಿಂಡಲ್‌ನ 8 ಬೋಲ್ಟು, ಆಮೇಲೆ ಶಾಫ್ಟ್. ಶಾಫ್ಟ್ ಎಳೆಯೋವಾಗ ಕೆಳಗೆ ತಟ್ಟೆ ಇಡಿ, ಕಷಾಯ ಸುರಿಯುತ್ತೆ. ಟೈರಾಡ್ ಬಾಲ್ ಜಾಯಿಂಟ್ ಬಿಡಿಸಿ, ನಕಲ್ ಮೇಲಿನ ಆರ್ಮ್, ಕೆಳಗಿನ ಕ್ಯಾಪ್ ತೆಗೀರಿ. ಅವುಗಳ ಅಡಿ ಅಂತರ ಹೊಂದಿಸೋ ತೆಳು ತಗಡಿನ ಶಿಮ್‌ಗಳಿರ್ತವೆ. ಮೇಲಿನದು ಮೇಲಕ್ಕೆ, ಕೆಳಗಿನದು ಕೆಳಕ್ಕೆ ಅಂತ ಬೇರೆ ಬೇರೆ ಕಟ್ಟಿ ಗುರುತು ಹಾಕಿ. ಇಲ್ಲಿ ಬೆರಕೆಯಾದ್ರೆ ಶಾಫ್ಟ್ ನಡುವಿಗೆ ಬರೋದಿಲ್ಲ, ಸೀಲ್ ಮತ್ತೆ ತಿನ್ನುತ್ತೆ.

ಎಲ್ಲಾ ಡೀಸೆಲ್‌ನಲ್ಲಿ ತೊಳೆದು ಒರೆಸಿ. ಹೊಸದಾಗಿ ಹಾಕಬೇಕಾದ್ದು: ಒಳಗಿನ ಆಯಿಲ್ ಸೀಲ್, ವೈಪರ್ ಸೀಲ್ ಸೆಟ್, ಟ್ರನಿಯನ್ ಬೇರಿಂಗು ಅದರ ಕಪ್ ಸಮೇತ, ಸ್ಪಿಂಡಲ್ ಗ್ಯಾಸ್ಕೆಟ್, ಹಬ್ ಸೀಲ್, ಬೇರಿಂಗ್ ನಟ್ಟಿನ ಮಡಚುವ ವಾಷರ್. ವೈಪರ್ ಸೀಲ್ ಸೆಟ್ಟನ್ನ ನಕಲ್ ಕೂರಿಸೋಕೆ ಮುಂಚೆಯೇ ಆಕ್ಸಲ್ ತುದಿಯ ಗೋಳದ ಮೇಲೆ ಏರಿಸಿಡಿ. ಇದು ಮರೆತು ಎಲ್ಲಾ ಜೋಡಿಸಿ ಮತ್ತೆ ಬಿಚ್ಚೋರು ಬಹಳ.

ಶಾಫ್ಟ್ ಹಾಕೋ ಮುಂಚೆ ಟ್ರನಿಯನ್ ಬಿಗಿ ಅಳೀರಿ. ಟೈರಾಡ್ ತೂತಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದಾಗ 3ರಿಂದ 6 ಕೆಜಿ ಒಳಗೆ ತಿರುಗಬೇಕು. ಕಡಿಮೆ ಬಂದ್ರೆ ಶಿಮ್ ಕಡಿಮೆ ಮಾಡಿ, ಹೆಚ್ಚು ಬಂದ್ರೆ ಸೇರಿಸಿ. ಆರ್ಮ್ ನಟ್ಟುಗಳು 96 ನ್ಯೂಟನ್ ಮೀಟರ್. ಇವು ಸಡಿಲ ಆದ್ರೆ ಸ್ಟಡ್ ತುಂಡಾಗುತ್ತೆ, ಸ್ಟಡ್ ತುಂಡಾದ್ರೆ ಸ್ಟೇರಿಂಗ್ ಇಲ್ಲ. ಪ್ರತಿ ಸರ್ವಿಸ್‌ನಲ್ಲೂ ಪಾನಾ ಹಾಕಿ ನೋಡ್ಬೇಕಾದ್ದು ಇದನ್ನೇ.

ಸಿವಿ ಜಾಯಿಂಟಿಗೆ ಮಾಲಿಬ್ಡಿನಮ್ ಇರೋ ಲಿಥಿಯಂ ಗ್ರೀಸ್, 2ನೇ ನಂಬರ್. ಜಾಯಿಂಟನ್ನ ಎಲ್ಲಾ ಕಡೆಗೂ ಬಗ್ಗಿಸಿ ಗುಂಡುಗಳ ಹಿಂದಕ್ಕೆ ಹೋಗೋ ಹಾಗೆ ಒತ್ತಿ ತುಂಬಿ. ನಕಲ್ ಒಳಗೆ ಮುಕ್ಕಾಲು ಭಾಗ, ಪೂರ್ತಿ ಬೇಡ. ಒಂದು ಕಡೆಗೆ 400 ಗ್ರಾಂ ಆಸುಪಾಸು. ಶಾಫ್ಟ್ ಒಳಗೆ ತಳ್ಳೋವಾಗ ಎತ್ತಿ ನೇರ ಹಿಡಿದು ತಳ್ಳಿ. ಅದರ ಹಲ್ಲು ಹೊಸ ಸೀಲಿನ ತುಟಿ ಮೇಲೆ ಉಜ್ಜಿದ್ರೆ ಇಷ್ಟೆಲ್ಲಾ ಮಾಡಿದ್ದು ವ್ಯರ್ಥ.

ವೀಲ್ ಬೇರಿಂಗ್: ನಟ್ಟನ್ನ 60 ನ್ಯೂಟನ್ ಮೀಟರಿಗೆ ಬಿಗಿ ಮಾಡಿ, ಹಬ್ಬನ್ನ ಎರಡೂ ಕಡೆ ಹಲವು ಸುತ್ತು ತಿರುಗಿಸಿ, ಕೈಯಲ್ಲಿ ತಿರುಗೋಷ್ಟು ಸಡಿಲಿಸಿ, ಮತ್ತೆ ಹದಕ್ಕೆ ತನ್ನಿ. ಸ್ಪ್ರಿಂಗ್ ತಕ್ಕಡಿಯನ್ನ ಹಬ್ ಸ್ಟಡ್ಡಿಗೆ ಸಿಕ್ಕಿಸಿದ್ರೆ 3ರಿಂದ 5.5 ಕೆಜಿಗೆ ತಿರುಗಬೇಕು. ಹೊರಗಿನ ಲಾಕ್ ನಟ್ಟು ಬಿಗಿದ ಮೇಲೆ ಮತ್ತೊಮ್ಮೆ ಅಳೀರಿ, ಅದು ಬಿಗಿಯುವಾಗ ಹದ ಬದಲಾಗುತ್ತೆ. ಎರಡೂ ನಟ್ಟು ಸರಿ ಅನ್ನಿಸಿದ ಮೇಲೇ ವಾಷರ್ ಮಡಚಿ.

ಬಲಗಡೆದೂ ಮಾಡಿಬಿಡಿ. ಎಡಗಡೆ ಸೋರಿದೆ ಅಂದ್ರೆ ಬಲಗಡೆಗೂ ಅಷ್ಟೇ ವಯಸ್ಸು. ಟಕ್ ಟಕ್ ಸದ್ದು ಸಣ್ಣದಾಗಿ ಇದ್ರೆ ಎಡ ಬಲದ ಸಿವಿ ಜಾಯಿಂಟ್ ಅದಲು ಬದಲು ಮಾಡಿ ಹಾಕಬಹುದು, ಸವೆಯದ ಮುಖದ ಮೇಲೆ ಇನ್ನಷ್ಟು ಕಾಲ ಓಡುತ್ತೆ.

---

ಪ್ಲೇಟ್‌ಸೆಟ್:

ಮೇಲಿನವರು ಲಿಫ್ಟ್ ಕೊನೆಗೆ ಅಂದರು. ಒಂದು ತಿದ್ದುಪಡಿ: ಇವರ ಹಿಂದಿನ ಪ್ಲೇಟ್ ಆಗಲೇ ಕೂತಿವೆ. ಅದನ್ನು ಹೇಗೂ ಬದಲಿಸಬೇಕು, ಹಾಗಾಗಿ ಸ್ಪ್ರಿಂಗ್ ಮತ್ತು ಟೈರು ಒಟ್ಟಿಗೇ ಆಗಲಿ.

ಕೂತ ಸೆಟ್ಟಿಗೆ ಒಂದು ಪ್ಲೇಟ್ ಸೇರಿಸಿ ಎಬ್ಬಿಸುವುದು ಅಗ್ಗದ ದಾರಿ. ಸೇರಿಸುವ ಪ್ಲೇಟ್ ಗಿಡ್ಡದಾಗಿದ್ದರೆ ಅದರ ತುದಿ ಮುಗಿಯುವ ಜಾಗದಲ್ಲೇ ಮೇಲಿನ ಪ್ಲೇಟ್ ಬಾಗಿ ಬಾಗಿ ಒಡೆಯುತ್ತದೆ. ಉದ್ದದ ಪ್ಲೇಟ್ ಆದರೆ ಪರವಾಗಿಲ್ಲ, ಆದರೂ ಗಾಡಿ ಗಡಸಾಗುತ್ತದೆ. ಆಫ್-ರೋಡ್‌ನಲ್ಲಿ ಬೇಕಾದ್ದು ಚಕ್ರ ಹಳ್ಳಕ್ಕೆ ಇಳಿಯುವ ಗುಣ, ಗಡಸುತನ ಅದನ್ನೇ ಕಿತ್ತುಕೊಳ್ಳುತ್ತದೆ. ಮೆದು ಪ್ಲೇಟ್ ಹೆಚ್ಚು ಸಂಖ್ಯೆಯಲ್ಲಿರುವ ಹೊಸ ಸೆಟ್ ತೆಗೆದುಕೊಳ್ಳಿ.

ಉದ್ದ ಶ್ಯಾಕಲ್ (ಸ್ಪ್ರಿಂಗ್ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಹಾಕಿ ಎತ್ತರಿಸುವವರಿಗೆ: ಶ್ಯಾಕಲ್ 2 ಇಂಚು ಉದ್ದವಾದರೆ ಗಾಡಿ ಏರುವುದು 1 ಇಂಚು ಮಾತ್ರ, ಜೊತೆಗೆ ಆಕ್ಸಲ್ ತಿರುಗುತ್ತದೆ. ಮುಂದಿನ ಸ್ಪ್ರಿಂಗಿನ ಶ್ಯಾಕಲ್ ಮುಂದಿನ ತುದಿಯಲ್ಲಿದ್ದರೆ ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗಿ ಸ್ಟೇರಿಂಗ್ ಅಲೆಯುತ್ತದೆ. ಹಿಂದಿನ ತುದಿಯಲ್ಲಿದ್ದರೆ ಕ್ಯಾಸ್ಟರ್ ಹೆಚ್ಚುತ್ತದೆ, ಆದರೆ ಪಿನಿಯನ್ ಮೂಗು ನೆಲ ನೋಡುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ. ಎರಡಕ್ಕೂ ಮದ್ದು ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಇಡುವ ಓರೆ ಶಿಮ್, 2ರಿಂದ 4 ಡಿಗ್ರಿ. ಅದಕ್ಕಿಂತ ಹೆಚ್ಚು ಬೇಕಾಗುತ್ತಿದೆ ಅಂದರೆ ಲಿಫ್ಟೇ ಅತಿಯಾಗಿದೆ.

ಹಿಂದಿನ ಪ್ರೊಪೆಲ್ಲರ್ ಶಾಫ್ಟ್: ಟ್ರಾನ್ಸ್‌ಫರ್ ಕೇಸ್ ಹೊರಬರುವ ಕೋನ ಮತ್ತು ಪಿನಿಯನ್ ಕೋನ ಒಂದಕ್ಕೊಂದು ಸಮಾಂತರ ಇರಬೇಕು, ವ್ಯತ್ಯಾಸ 1 ಡಿಗ್ರಿ ಒಳಗೆ. ಸಮಾಂತರ ತಪ್ಪಿದರೆ ಒಂದು ಕ್ರಾಸ್ (ಶಾಫ್ಟ್ ತುದಿಯ ಕೀಲು) ಹುಟ್ಟಿಸಿದ ಏರಿಳಿತವನ್ನು ಇನ್ನೊಂದು ರದ್ದು ಮಾಡುವುದಿಲ್ಲ, ಒಂದು ವೇಗದಲ್ಲಿ ನೆಲವೇ ನಡುಗಿದ ಹಾಗೆ ಕಂಪನ ಬರುತ್ತದೆ. ಶಾಫ್ಟ್ ಎರಡು ತುಂಡಿನದಾದರೆ ಸೆಂಟರ್ ಬೇರಿಂಗ್ ಬ್ರಾಕೆಟ್ಟನ್ನೂ ಸ್ವಲ್ಪ ಕೆಳಗಿಳಿಸಬೇಕಾಗುತ್ತದೆ. ಸ್ಲಿಪ್ ಜಾಯಿಂಟ್ ಚಕ್ರ ಪೂರ್ತಿ ಇಳಿಬಿದ್ದಾಗ ಕಳಚುವಷ್ಟು ಹೊರಬರಬಾರದು, ಪೂರ್ತಿ ಅದುಮಿದಾಗ ತಳ ಮುಟ್ಟಬಾರದು. ಎರಡನ್ನೂ ಜಾಕಿ ಹಾಕಿ ಕಣ್ಣಾರೆ ನೋಡಿ.

ಯು-ಬೋಲ್ಟ್ ಹೊಸದೇ ಹಾಕಿ. ಒಮ್ಮೆ ಬಿಗಿದದ್ದು ಎಳೆದುಕೊಂಡಿರುತ್ತದೆ, ಮತ್ತೆ ಅದೇ ಬಿಗಿ ಹಿಡಿಯುವುದಿಲ್ಲ. ಸಡಿಲವಾದರೆ ಸೆಂಟರ್ ಬೋಲ್ಟ್ ಒಂದೇ ಎಲ್ಲ ಹೊರೆ ಹೊತ್ತು ತುಂಡಾಗಿ ಆಕ್ಸಲ್ ಜರುಗುತ್ತದೆ. ಅಡ್ಡಡ್ಡಲಾಗಿ, ಸ್ವಲ್ಪ ಸ್ವಲ್ಪವೇ ಬಿಗಿದು 120 ನ್ಯೂಟನ್ ಮೀಟರಿಗೆ ತನ್ನಿ. 100 ಕಿ.ಮೀ. ಓಡಿಸಿ ಮತ್ತೊಮ್ಮೆ, 500 ಆದ ಮೇಲೆ ಇನ್ನೊಮ್ಮೆ.

ರಬ್ಬರ್ ಬುಷ್ ಇದ್ದರೆ ಶ್ಯಾಕಲ್ ಬೋಲ್ಟುಗಳನ್ನು ಗಾಡಿ ನೆಲದ ಮೇಲೆ ತನ್ನ ಭಾರದಲ್ಲಿ ನಿಂತಾಗ ಬಿಗಿಯಬೇಕು. ಸ್ಟ್ಯಾಂಡ್ ಮೇಲೆ ಚಕ್ರ ನೇತಾಡುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

---

ಗುಡ್ಡದಗಾಡಿ:

ಇಷ್ಟು ವಿವರ ನಿರೀಕ್ಷೆ ಇರಲಿಲ್ಲ, ಧನ್ಯವಾದ. 31ಕ್ಕೇ ನಿಲ್ಲಿಸುತ್ತೇನೆ. ಮೂರು ಅನುಮಾನ ಉಳಿದಿವೆ. ಹಿಂದೆ ಮಾತ್ರ ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಬ್ಲಾಕ್ ಇಟ್ಟು ಎತ್ತರಿಸಿದರೆ ಏನು ತೊಂದರೆ? ನೀರಿಗಿಳಿಯಲು ಸ್ನಾರ್ಕೆಲ್ (ಇಂಜಿನ್‌ಗೆ ಎತ್ತರದಿಂದ ಗಾಳಿ ತರುವ ಕೊಳವೆ) ಸಾಕೇ? ಬೆಳಗಿನ ಆ ಕರಕರ ಸದ್ದಿಗೆ ಈಗಲೇ ಕೈ ಹಾಕಬೇಕೇ?

---

ಪ್ಲೇಟ್‌ಸೆಟ್:

ಬ್ಲಾಕ್ ಹಿಂದಕ್ಕೆ ನಡೆಯುತ್ತದೆ, ಮುಂದಕ್ಕೆ ಎಂದಿಗೂ ಇಲ್ಲ. ಬ್ರೇಕ್ ಮತ್ತು ಸ್ಟೇರಿಂಗಿನ ಒತ್ತಡಕ್ಕೆ ಅದು ಜಾರಿ ಹೊರಬಂದರೆ ಗಾಡಿ ನಿಮ್ಮ ಕೈಯಲ್ಲಿರುವುದಿಲ್ಲ. ಹಿಂದೆಯೂ ಒಂದೇ ಬ್ಲಾಕ್, ಒಂದರ ಮೇಲೊಂದು ಪೇರಿಸಬಾರದು. ಬ್ಲಾಕ್ ಎತ್ತರವಾದಷ್ಟೂ ಆಕ್ಸಲ್ ಸ್ಪ್ರಿಂಗನ್ನು ತಿರುಚುವ ಬಲ ಹೆಚ್ಚುತ್ತದೆ. ಲೋ ಗೇರಿನಲ್ಲಿ ಹತ್ತುವಾಗ ಪ್ಲೇಟ್‌ಗಳು ಎಸ್ ಆಕಾರಕ್ಕೆ ಬಾಗಿ ಚಕ್ರ ಕುಣಿಯುವುದು ಇದರಿಂದಲೇ. ನಿಮ್ಮ ಪ್ಲೇಟ್ ಕೂತಿರುವಾಗ ಅದರ ಮೇಲೆ ಬ್ಲಾಕ್ ಇಡುವುದರಲ್ಲಿ ಅರ್ಥವಿಲ್ಲ.

---

ಕೆಸರುಗಾಲಿ:

ನೀರಿನ ವಿಷಯ. ಮೊಣಕಾಲುದ್ದದ ಹಳ್ಳಕ್ಕೆ ಸ್ನಾರ್ಕೆಲ್ ಗಿಂತ ಮೊದಲು ಬೇಕಾದದ್ದು ಬ್ರೀದರ್ ಪೈಪು. ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಸೀಲುಗಳ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ – ನಾಲ್ಕರ ಬ್ರೀದರ್‌ಗೂ ಎಣ್ಣೆಗೆ ಹಾಳಾಗದ ರಬ್ಬರ್ ಪೈಪ್ ಹಾಕಿ ಇಂಜಿನ್ ಕೋಣೆಯ ಹಿಂಗೋಡೆಯಲ್ಲಿ ಆದಷ್ಟು ಮೇಲೆ ಕಟ್ಟಿ, ತುದಿಗೆ ಚಿಕ್ಕ ಫಿಲ್ಟರ್. ಆಕ್ಸಲ್ ಪೂರ್ತಿ ಇಳಿದಾಗಲೂ ಪೈಪ್ ಎಳೆಯದಷ್ಟು ಸಡಿಲ ಬಿಡಿ. ಸೈಲೆನ್ಸರ್‌ನಿಂದ ದೂರವಿರಲಿ.

ನೀರು ದಾಟಿ ಬಂದ ಮೇಲೆ ಎರಡೂ ಡಿಫರೆನ್ಷಿಯಲ್‌ನ ಎಣ್ಣೆ ನೋಡಿ. ಗಾಡಿ ಒಂದು ರಾತ್ರಿ ನಿಂತ ಮೇಲೆ ಕೆಳಗಿನ ಡ್ರೈನ್ ಬೋಲ್ಟ್ ಸ್ವಲ್ಪವೇ ಸಡಿಲಿಸಿದರೆ, ನೀರಿದ್ದರೆ ಅದೇ ಮೊದಲು ತೊಟ್ಟಿಕ್ಕುತ್ತದೆ. ಎಣ್ಣೆ ಬೆಳ್ಳಗೆ ನೊರೆಯಾಗಿದ್ದರೆ ಅಂದೇ ಬದಲಿಸಿ, ಮುಂದಿನ ಸರ್ವಿಸ್‌ಗೆ ಕಾಯಬೇಡಿ. ಡಿಫರೆನ್ಷಿಯಲ್‌ಗೆ ಜಿಎಲ್-5, 80ಡಬ್ಲ್ಯು-90. ಗೇರ್‌ಬಾಕ್ಸಿಗೆ ಜಿಎಲ್-4, 75ಡಬ್ಲ್ಯು-90. ಜಿಎಲ್-5ರಲ್ಲಿರುವ ಗಂಧಕದ ಅಂಶ ಹಿತ್ತಾಳೆ ಸಿಂಕ್ರೊ ರಿಂಗುಗಳಿಗೆ ಒಳ್ಳೆಯದಲ್ಲ.

ಸ್ನಾರ್ಕೆಲ್ ಹಾಕಿದರೆ ಏರ್ ಕ್ಲೀನರ್ ತನಕ ಪ್ರತಿ ಜೋಡಣೆಯೂ ಗಾಳಿಯಾಡದಂತೆ ಇರಬೇಕು. ಪರೀಕ್ಷೆ ಸರಳ: ಇಂಜಿನ್ ಐಡಲ್‌ನಲ್ಲಿರುವಾಗ ಸ್ನಾರ್ಕೆಲ್ ಬಾಯಿಯನ್ನು ಅಂಗೈಯಲ್ಲಿ ಪೂರ್ತಿ ಮುಚ್ಚಿ. ಇಂಜಿನ್ ನಿಲ್ಲಬೇಕು. ನಿಲ್ಲದಿದ್ದರೆ ಬೇರೆಲ್ಲೋ ಗಾಳಿ ಎಳೆಯುತ್ತಿದೆ, ಅಲ್ಲಿಂದಲೇ ನೀರೂ ಬರುತ್ತದೆ. ಪೆಟ್ರೋಲ್ ಇಂಜಿನ್ ಆದ್ದರಿಂದ ಇನ್ನೊಂದು ಮಿತಿ ಇದೆ: ಸ್ನಾರ್ಕೆಲ್ ಎಷ್ಟೇ ಎತ್ತರವಿರಲಿ, ಡಿಸ್ಟ್ರಿಬ್ಯೂಟರ್ ಒದ್ದೆಯಾದರೆ ಗಾಡಿ ಅಲ್ಲೇ ನಿಲ್ಲುತ್ತದೆ.

ನೀರು ಬಂಪರ್ ದಾಟುವಂತಿದ್ದರೆ ಗ್ರಿಲ್ ಮೇಲೆ ಟಾರ್ಪಾಲ್ ಕಟ್ಟಿ. ಫ್ಯಾನ್ ರೆಕ್ಕೆ ನೀರಿಗೆ ಸಿಕ್ಕರೆ ಮುಂದಕ್ಕೆ ಬಾಗಿ ರೇಡಿಯೇಟರ್ ಕೊರೆಯುತ್ತದೆ. ಲೋ ರೇಂಜ್, 2ನೇ ಗೇರ್, ಒಂದೇ ವೇಗ, ಮುಂದಿನ ಅಲೆಯ ಹಿಂದೆಯೇ ಹೋಗಿ. ನಡುವೆ ಕ್ಲಚ್ ಒತ್ತಬೇಡಿ. ನೀರಿನಲ್ಲಿ ಇಂಜಿನ್ ನಿಂತರೆ ಸೆಲ್ಫ್ ಹೊಡೆಯಬೇಡಿ. ಸಿಲಿಂಡರ್ ಒಳಗೆ ನೀರಿದ್ದರೆ ಅದು ಅದುಮಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಳೆದು ದಡಕ್ಕೆ ತಂದು, ನಾಲ್ಕೂ ಪ್ಲಗ್ ಬಿಚ್ಚಿ, ಆಮೇಲೆ ಸೆಲ್ಫ್.

ಕೆಸರಿನಿಂದ ಬಂದ ದಿನ ಹಿಂದಿನ ಬ್ರೇಕ್ ಡ್ರಮ್ ಬಿಚ್ಚಿ ತೊಳೆಯಿರಿ. ಒಳಗೆ ಕೂತ ಮರಳು ಶೂಗಳನ್ನು ಉಜ್ಜಿ ತೆಗೆಯುತ್ತದೆ. ರೇಡಿಯೇಟರ್‌ಗೆ ನೀರು ಇಂಜಿನ್ ಕಡೆಯಿಂದ ಹೊರಕ್ಕೆ ಬಿಡಿ, ಮುಂದಿನಿಂದ ಬಿಟ್ಟರೆ ಮಣ್ಣು ಇನ್ನಷ್ಟು ಒಳಗೆ ಸೇರುತ್ತದೆ. ಕ್ರಾಸ್‌ಗಳಿಗೆ ನಾಲ್ಕೂ ಕಪ್ಪಿನಿಂದ ಹೊಸ ಗ್ರೀಸ್ ಹೊರಬರುವ ತನಕ ಹೊಡೆಯಿರಿ. ಸ್ಲಿಪ್ ಜಾಯಿಂಟಿಗೆ ಮಾತ್ರ ಒಂದೆರಡು ಪಂಪ್ ಸಾಕು. ತುಂಬಿ ಹೊಡೆದರೆ ಗ್ರೀಸೇ ಶಾಫ್ಟನ್ನು ಉದ್ದಕ್ಕೆ ತಳ್ಳಿ ಟ್ರಾನ್ಸ್‌ಫರ್ ಕೇಸಿನ ಬೇರಿಂಗ್ ಮೇಲೆ ಒತ್ತುತ್ತದೆ.

---

ಗ್ರೀಸ್‌ಕೈ:

ಕರಕರ ಸದ್ದು: ಟೈಮಿಂಗ್ ಚೈನ್. ಈ ಇಂಜಿನ್‌ನಲ್ಲಿ 1983ರಿಂದ ಒಂಟಿ ಸಾಲಿನ ಚೈನ್, ಪ್ಲಾಸ್ಟಿಕ್ ಗೈಡ್. ಟೆನ್ಷನರ್ ಎಣ್ಣೆ ಒತ್ತಡದಲ್ಲಿ ಕೆಲಸ ಮಾಡುತ್ತೆ, ಒತ್ತಡ ಏರೋ ತನಕ ಸಡಿಲ ಚೈನ್ ಬಡಿಯುತ್ತೆ. ಅದಕ್ಕೇ ಎರಡು ಸೆಕೆಂಡ್ ಆದ ಮೇಲೆ ಸುಮ್ಮನಾಗೋದು. ಟೆನ್ಷನರ್ ಇಲ್ಲದ ಕಡೆಯ ಗೈಡ್ ಮೊದಲು ಮುರಿಯುತ್ತೆ. ಆಮೇಲೆ ಚೈನ್ ನೇರವಾಗಿ ಅಲ್ಯೂಮಿನಿಯಂ ಕವರ್ ಕೊರೆಯುತ್ತೆ. ಕವರ್ ಗೋಡೆಯ ಆಚೆ ಇರೋದು ಕೂಲೆಂಟ್. ತೂತು ಬಿದ್ರೆ ನೀರು ಎಣ್ಣೆಗೆ, ಎಣ್ಣೆ ಹೋಗಿ ಬೇರಿಂಗಿಗೆ.

ವಾಲ್ವ್ ಕವರ್ ತೆಗೆದು ಟಾರ್ಚ್ ಬಿಟ್ಟು ಚೈನ್ ಇಳಿಯೋ ಕಡೆ ನೋಡಿ, ಗೈಡ್ ಇದೆಯೋ ಇಲ್ವೋ ಗೊತ್ತಾಗುತ್ತೆ. ಬದಲಿಸೋದಾದ್ರೆ ಹಿಂದೆ ಉಕ್ಕಿನ ಪಟ್ಟಿ ಇರೋ ಗೈಡ್ ಹಾಕಿ. ಕವರ್ ಒಳಗೋಡೇಲಿ ಗೀರು ಆಳವಿದ್ರೆ ಕವರ್ ಕೂಡ. ಮುರಿದ ಪ್ಲಾಸ್ಟಿಕ್ ಚೂರು ಇಂಜಿನ್ ತಳದ ಎಣ್ಣೆ ತಟ್ಟೆ, ಅಂದ್ರೆ ಸಂಪ್‌ನಲ್ಲಿ ಬಿದ್ದು ಆಯಿಲ್ ಪಿಕಪ್ ಜಾಲರಿ ಕಟ್ಟುತ್ತೆ, ಹಾಗಾಗಿ ಸಂಪ್ ಇಳಿಸದೆ ಈ ಕೆಲಸ ಮುಗಿಸಬೇಡಿ. ಕವರ್ ಬಿಚ್ಚಿದ್ದೀರಿ ಅಂದ ಮೇಲೆ ವಾಲ್ವ್ ಕ್ಲಿಯರೆನ್ಸ್ ನೋಡಿಬಿಡಿ, ಇಂಜಿನ್ ಬಿಸಿ ಇರುವಾಗ ಇನ್‌ಟೇಕ್ 0.20, ಎಕ್ಸಾಸ್ಟ್ 0.30 ಮಿ.ಮೀ.

ಇದು ನಕಲ್ ಗಿಂತಲೂ ಮೊದಲು.

---

ಲೋರೇಂಜ್:

ಒಪ್ಪಿದೆ, ಚೈನ್ ಮೊದಲು.

ಚಾಸಿ ಬಗ್ಗೆ ಯಾರೂ ವಿವರವಾಗಿ ಹೇಳಲಿಲ್ಲ. ಕಣ್ಣಿಗೆ ತೂತು ಕಂಡಿಲ್ಲ ಅನ್ನುವುದು ಸಾಲದು. ಚೂಪು ತುದಿಯ ಸುತ್ತಿಗೆ ಹಿಡಿದು ಹಿಂದಿನ ಸ್ಪ್ರಿಂಗ್ ಹ್ಯಾಂಗರ್ ಸುತ್ತ, ಕ್ಯಾಬಿನ್ ಹಿಂಭಾಗ, ಸ್ಟೇರಿಂಗ್ ಬಾಕ್ಸ್ ಬೋಲ್ಟುಗಳ ಸುತ್ತ ಬಡಿಯುತ್ತಾ ಹೋಗಿ. ಗಟ್ಟಿ ಲೋಹ ಟಣ್ ಅನ್ನುತ್ತದೆ, ತುಕ್ಕು ತಿಂದದ್ದು ದಬ್ ಅನ್ನುತ್ತದೆ. ಹಾಗಂದ ಕಡೆ ತುಕ್ಕು ಪೂರ್ತಿ ಕತ್ತರಿಸಿ ಹೊಸ ಪ್ಲೇಟ್ ಬೆಸುಗೆ ಹಾಕಿಸಬೇಕು. ತುಂಡು ವಜ್ರಾಕಾರದಲ್ಲಿರಲಿ. ಚಾಸಿಗೆ ಅಡ್ಡಲಾಗಿ ನೇರ ಬೆಸುಗೆ ಎಳೆದರೆ ಅದರ ಪಕ್ಕದಲ್ಲೇ ಮುಂದೆ ಬಿರುಕು ಬಿಡುತ್ತದೆ. ಮೇಲಿನ ಕೆಳಗಿನ ಅಂಚಿಗೆ ತೂತು ಕೊರೆಯಲು ಬಿಡಬೇಡಿ. ಬೆಸುಗೆಗೆ ಮೊದಲು ಬ್ಯಾಟರಿ ತಂತಿ ಬಿಚ್ಚಿ, ಪೆಟ್ರೋಲ್ ಟ್ಯಾಂಕ್ ಹತ್ತಿರವಾದರೆ ಟ್ಯಾಂಕನ್ನೇ ಇಳಿಸಿ. ತುಕ್ಕಿನ ಮೇಲೆ ದಪ್ಪ ಡಾಂಬರು ಬಳಿಯುವುದು ಅದನ್ನು ಬಚ್ಚಿಟ್ಟು ಸಾಕಿದ ಹಾಗೆ.

ಲಾಕರ್: ಹಿಂದೆ ಒಂದು ಸಾಕು, ಬೇಕಾದಾಗ ಒತ್ತಿ ಹಾಕುವಂಥದ್ದು. ವಾರವಿಡೀ ರಸ್ತೆ ಅಂದಿದ್ದೀರಿ, ಹಾಗಾಗಿ ಡಿಫರೆನ್ಷಿಯಲ್ ಬೆಸುಗೆ ಹಾಕಿಸುವ ಸಲಹೆ ಯಾರು ಕೊಟ್ಟರೂ ಕೇಳಬೇಡಿ, ಪ್ರತಿ ತಿರುವಿನಲ್ಲೂ ಟೈರು ಉಜ್ಜಿ, ಒಂದು ದಿನ ಆಕ್ಸಲ್ ಶಾಫ್ಟ್ ತುಂಡಾಗುತ್ತದೆ. ಲಾಕರ್‌ಗಿಂತ ಮೊದಲು ಟೈರಿನ ಗಾಳಿ ಇಳಿಸಿ ನೋಡಿ. ಹಗುರ ಗಾಡಿ, 31 ಟೈರು: ರಸ್ತೆಯಲ್ಲಿ 28ರಿಂದ 30 ಪಿಎಸ್‌ಐ, ಜಲ್ಲಿದಾರಿ 22ರಿಂದ 24, ಕಲ್ಲು 15ರಿಂದ 18. 15ಕ್ಕಿಂತ ಕೆಳಗೆ ಓರೆ ಏರಿನಲ್ಲಿ ಟೈರು ರಿಮ್ಮಿನಿಂದ ಕಳಚಬಹುದು. ಗಾಳಿ ಮತ್ತೆ ತುಂಬುವ ಕಂಪ್ರೆಸರ್ ಇಲ್ಲದೆ ಇಳಿಸಬೇಡಿ.

ಕಟ್ಟಿ ಎಳೆಯುವ ಕೊಂಡಿ ಮುಂದೆ ಹಿಂದೆ ಚಾಸಿಗೇ ಬೋಲ್ಟ್ ಆಗಿರಬೇಕು, ಬೋಲ್ಟ್ 8.8 ಗ್ರೇಡಿಗೆ ಕಡಿಮೆ ಬೇಡ. ಟ್ರೈಲರ್ ಬಾಲಿಗೆ ಹಗ್ಗ ಸಿಕ್ಕಿಸಿ ಎಳೆಯಬಾರದು. ಮುರಿದರೆ ಆ ಗುಂಡು ಗಾಜನ್ನೂ ಮನುಷ್ಯನನ್ನೂ ದಾಟಿ ಹೋಗುತ್ತದೆ.

---

ಗುಡ್ಡದಗಾಡಿ:

ಚೈನ್, ನಕಲ್, ಚಾಸಿ, ಆಮೇಲೆ ಸ್ಪ್ರಿಂಗ್ ಮತ್ತು ಟೈರು. ಬರೆದಿಟ್ಟುಕೊಂಡೆ. 2 ಇಂಚಿನ ಸ್ಪ್ರಿಂಗ್ ಸೆಟ್ಟಿಗೆ ಬ್ರೇಕ್‌ನಲ್ಲಿ ಏನಾದರೂ ಬದಲಿಸಬೇಕೇ?

---

ಪ್ಲೇಟ್‌ಸೆಟ್:

ಎರಡು. ಮೊದಲನೆಯದು ಹೋಸ್. ಚಕ್ರ ಪೂರ್ತಿ ಇಳಿಬಿಟ್ಟು, ಸ್ಟೇರಿಂಗ್ ಎರಡೂ ತುದಿಗೆ ತಿರುಗಿಸಿ ನೋಡಿ. ಮುಂದಿನ ಹೋಸ್ ಎಲ್ಲೂ ಬಿಗಿಯಾಗಬಾರದು, ಟೈರಿಗೆ ಉಜ್ಜಬಾರದು. ಹಿಂದಿನ ಆಕ್ಸಲ್ ಮೇಲಿನ ಒಂದು ಹೋಸನ್ನು ಎಲ್ಲರೂ ಮರೆಯುತ್ತಾರೆ, ಅದನ್ನೂ ನೋಡಿ.

ಎರಡನೆಯದು ಹಿಂದಿನ ಆಕ್ಸಲ್‌ಗೆ ರಾಡ್ ಮೂಲಕ ಸೇರಿಕೊಂಡು ಚಾಸಿ ಮೇಲೆ ಕೂತಿರುವ ಲೋಡ್ ವಾಲ್ವ್. ಚಾಸಿ ಮತ್ತು ಆಕ್ಸಲ್ ನಡುವಿನ ದೂರ ನೋಡಿ ಅದು ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಕೊಡಬೇಕೆಂದು ತೀರ್ಮಾನಿಸುತ್ತದೆ. ಗಾಡಿ ಎತ್ತರಿಸಿದರೆ ದೂರ ಹೆಚ್ಚಿ, ಹಿಂದೆ ಭಾರವೇ ಇಲ್ಲ ಎಂದುಕೊಂಡು ಒತ್ತಡ ಇಳಿಸಿಬಿಡುತ್ತದೆ. ನಿಲ್ಲಿಸುವ ಕೆಲಸವೆಲ್ಲ ಮುಂದಿನ ಚಕ್ರದ ಮೇಲೆ, ಪೆಡಲ್ ಮೆತ್ತಗೆ ಅನ್ನಿಸುತ್ತದೆ, ಮಾಸ್ಟರ್ ಸಿಲಿಂಡರ್ ಹೋಯಿತೆಂದು ಅದನ್ನು ಬದಲಿಸುತ್ತಾರೆ. ಆಕ್ಸಲ್ ಮೇಲಿನ ಆ ರಾಡಿನ ಬ್ರಾಕೆಟ್ಟನ್ನು ಲಿಫ್ಟ್ ಎಷ್ಟೋ ಅಷ್ಟೇ ಎತ್ತರಿಸಿದರೆ ಸರಿಹೋಗುತ್ತದೆ, ನಿಮಗೆ 2 ಇಂಚು. ಎತ್ತರಿಸುವ ಮುಂಚೆ ರಾಡಿನ ಕೋನ ಗುರುತು ಮಾಡಿಟ್ಟುಕೊಳ್ಳಿ, ಆಮೇಲೆ ಅದೇ ಕೋನಕ್ಕೆ ತನ್ನಿ.

ಬ್ರೇಕ್ ಪೈಪಿನ ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ದೂರದ ಹಿಂದಿನ ಚಕ್ರದಿಂದ ಶುರುಮಾಡಿ ಹತ್ತಿರಕ್ಕೆ ಬನ್ನಿ. ಲೋಡ್ ವಾಲ್ವಿನ ಮೇಲೂ ಒಂದು ಬ್ಲೀಡರ್ ಇದೆ. ಅದನ್ನು ಬಿಟ್ಟರೆ ನಾಲ್ಕು ಚಕ್ರದಲ್ಲಿ ಎಷ್ಟು ಸಲ ತೆಗೆದರೂ ಪೆಡಲ್ ಗಟ್ಟಿಯಾಗುವುದಿಲ್ಲ.